ಮಡಿಯೂ ನೈರ್ಮಲ್ಯವೂ

ಕನ್ನಡ ಪಾಠ ಹೇಳಿಕೊಂಡು ಬಂದ ನನಗೆ ಮಾತುಗಳನ್ನು ತೂಗಿ ನೋಡುವ ಅಭ್ಯಾಸ. ಮಡಿ, ನೈರ್ಮಲ್ಯ ಎರಡೂ ಶುಚಿಯನ್ನೇ ಹೇಳುತ್ತವೆ. ಆದರೆ ಮಡಿಯುಟ್ಟವನು ಕಾಯುವುದು ತನ್ನ ಮೈಯನ್ನು; ನೈರ್ಮಲ್ಯ ಕಾಯುವುದು ನೆರೆಯವರನ್ನೂ.

ನಂಜುಂಡೇಶ್ವರನನ್ನು ವೈದ್ಯನೆಂದೇ ನಂಬಿ ರೋಗಿಗಳು ನಂಜನಗೂಡಿಗೆ ಬರುತ್ತಿದ್ದರು. ಕಪಿಲೆಯಲ್ಲಿ ಮಿಂದು ಉರುಳುಸೇವೆ ಸಲ್ಲಿಸುತ್ತಿದ್ದರು. ಅದೇ ಕಪಿಲೆ ಮುಂದೆ ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಕೂಡುತ್ತಾಳೆ. ಮೇಲಣ ಊರು ಮಿಂದ ನೀರು ಕೆಳಗಣ ಊರಿನ ಕೊಡಕ್ಕೆ ಬರುತ್ತದೆ. ಕಾಲರಾ ಹರಡುವ ದಾರಿಯೂ ಇದೇ: ರೋಗಿಯ ಮಲದಿಂದ ನೀರಿಗೆ, ನೀರಿನಿಂದ ಇನ್ನೊಬ್ಬರ ಬಾಯಿಗೆ. 1884ರಲ್ಲಿ ರಾಬರ್ಟ್ ಕಾಖ್ ಕಲ್ಕತ್ತೆಯ ಕೆರೆಯ ನೀರಿನಲ್ಲಿ ಆ ರೋಗಾಣುವನ್ನು ಕಂಡನು. ಕೊಡವನ್ನು ಎಷ್ಟು ಮಡಿಯಿಂದ ಬೆಳಗಿದರೂ ಅದು ಹೋಗದು. ನೀರನ್ನು ಕುದಿಸಬೇಕು, ಇಲ್ಲವೇ ಕ್ಲೋರಿನ್ ಬೆರೆಸಬೇಕು.

ಇದು ಒಂದು ಮನೆಯಿಂದ ಆಗುವ ಕೆಲಸವಲ್ಲ. ಇಂಗ್ಲೆಂಡಿನಲ್ಲಿ 1875ರ ಸಾರ್ವಜನಿಕ ಆರೋಗ್ಯ ಕಾಯಿದೆ ಕುಡಿಯುವ ನೀರು, ಚರಂಡಿಗಳನ್ನು ಸ್ಥಳೀಯ ಆಡಳಿತದ ಹೊಣೆಯಾಗಿಸಿತು. ನಮ್ಮಲ್ಲಿ ಆ ಎಚ್ಚರಕ್ಕೆ ಪ್ಲೇಗು ಬರಬೇಕಾಯಿತು. 1898ರಲ್ಲಿ ಅದು ಮೈಸೂರು ಸಂಸ್ಥಾನಕ್ಕೆ ಕಾಲಿಟ್ಟಿತು. ಜನ ಮನೆ ತೊರೆದು ಊರಾಚೆ ಗುಡಿಸಲು ಹಾಕಿಕೊಂಡರು. 1903ರಲ್ಲಿ ಮೈಸೂರು ನಗರಕ್ಕೆ ಸುಧಾರಣಾ ಮಂಡಳಿಯೇನೋ ಬಂದಿತು. ಆದರೆ ನಗರದ ಅಗಲವಾದ ಬೀದಿಗಳು ಹೊಳೆಯ ದಡದ ಊರುಗಳ ನೀರನ್ನು ಕಾಯಲಾರವು.

1989ರಲ್ಲಿ ಆರಂಭವಾದ ತಿರುಮಕೂಡಲಿನ ಕುಂಭಮೇಳಕ್ಕೆ ಲಕ್ಷಾಂತರ ಜನ ಬರುತ್ತಾರೆ. ಅಲ್ಲಿ ಮುಳುಗುವ ಮುನ್ನ ಒಂದು ಮಾತನ್ನು ನೆನೆಯೋಣ: ನಮಗೂ ಕೆಳಗೆ ಊರುಗಳಿವೆ, ಅಲ್ಲಿಯೂ ಕೊಡಗಳಿವೆ.