ಅನ್ನನಾಳದ ಕ್ಯಾನ್ಸರ್: ಮನೆಯಲ್ಲಿ ಆರೈಕೆ

‘ಅಪ್ಪನಿಗೆ ಅನ್ನನಾಳದ ಕ್ಯಾನ್ಸರ್. ಗುಣವಾಗದು, ಮನೆಗೆ ಕರೆದೊಯ್ಯಿರಿ ಎಂದರು. ಮುಂದೇನು ಡಾಕ್ಟ್ರೇ?’ ಎಂದು ಕೇಳುವ ಮಕ್ಕಳಿದ್ದಾರೆ. ರೋಗ ಗುಣವಾಗದಿದ್ದರೂ ರೋಗಿಯ ಕಷ್ಟವನ್ನು ಬಹುಮಟ್ಟಿಗೆ ಕಡಿಮೆ ಮಾಡಬಹುದು.

ಇಲ್ಲಿ ಮುಖ್ಯ ಕಷ್ಟ ನುಂಗುವುದು. ಗಡ್ಡೆ ಬೆಳೆದಂತೆ ಮೊದಲು ರೊಟ್ಟಿ, ಚಪಾತಿ ಸಿಕ್ಕಿಕೊಳ್ಳುತ್ತದೆ, ಆಮೇಲೆ ಅನ್ನ, ಕೊನೆಗೆ ಎಂಜಲೂ ಇಳಿಯದು. ಎಂಡೋಸ್ಕೋಪಿಯ ಮೂಲಕ ಸ್ಟೆಂಟ್ ಎಂಬ ಲೋಹದ ಜಾಲರಿ ಕೊಳವೆ ಕೂರಿಸಿದರೆ ಅನೇಕರಿಗೆ ಕೆಲವೇ ದಿನಗಳಲ್ಲಿ ಗಂಜಿ, ಮೆತ್ತಗಿನ ಅನ್ನ ಇಳಿಯತೊಡಗುತ್ತದೆ. ವಿಕಿರಣ ಚಿಕಿತ್ಸೆಯಿಂದಲೂ ದಾರಿ ಬಿಡುತ್ತದೆ, ಆದರೆ ವಾರಗಳು ಬೇಕು. ‘ಹೇಗೂ ಗುಣವಾಗದಲ್ಲ’ ಎಂದು ಇವನ್ನು ವಿಚಾರಿಸದೆ ಹಿಂತಿರುಗಬೇಡಿ.

ಸ್ಟೆಂಟ್ ಇದ್ದವರಿಗೆ ರಾಗಿ ಗಂಜಿ, ನುಣ್ಣಗೆ ಕಿವಿಚಿದ ಮಜ್ಜಿಗೆ ಅನ್ನವನ್ನು ಸ್ವಲ್ಪಸ್ವಲ್ಪವಾಗಿ ದಿನಕ್ಕೆ ಐದಾರು ಸಲ ಕೊಡಿ. ನಡುನಡುವೆ ಗುಟುಕು ನೀರು. ಚಪಾತಿ, ಬ್ರೆಡ್, ನಾರಿನ ತರಕಾರಿ, ಮಾಂಸದ ತುಂಡು ಬೇಡ. ಕುಳಿತೇ ಉಣ್ಣಬೇಕು, ಉಂಡೊಡನೆ ಮಲಗಬಾರದು. ಇದ್ದಕ್ಕಿದ್ದಂತೆ ನೀರೂ ಇಳಿಯದಿದ್ದರೆ, ಕುಡಿದಾಗಲೆಲ್ಲ ಕೆಮ್ಮು ಬಂದರೆ ಅಥವಾ ರಕ್ತ ವಾಂತಿಯಾದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಿ.

ನಮ್ಮ ಮನೆಗಳಲ್ಲಿ ‘ಇನ್ನೊಂದೇ ತುತ್ತು’ ಎಂಬ ಹಟ ಜಾಸ್ತಿ. ಆದರೆ ಕಾಯಿಲೆ ಬಲಿತಾಗ ಹಸಿವೇ ಇಂಗಿಹೋಗುತ್ತದೆ, ತಿಂದದ್ದೂ ಮೈಗೆ ಹತ್ತದು. ರೋಗಿ ಸೊರಗುವುದು ಕಾಯಿಲೆಯಿಂದ, ನಿಮ್ಮ ಆರೈಕೆಯ ಕೊರತೆಯಿಂದಲ್ಲ. ಸೊಸೆಯನ್ನು ದೂರುವ ನೆಂಟರಿಗೂ ಇದನ್ನು ಹೇಳಿ. ಬಲವಂತವಾಗಿ ತಿನ್ನಿಸಿದ್ದು ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ಆದೀತು. ಬಾಯಿ ಒಣಗಿದರೆ ಒದ್ದೆ ಬಟ್ಟೆಯಿಂದ ಒರೆಸಿ, ತುಟಿ ತೇವ ಮಾಡುತ್ತಿರಿ.

ನೋವಿಗೆ ಮಾರ್ಫಿನ್ ಎಂದರೆ ಹೆದರುವವರೇ ಹೆಚ್ಚು. ವೈದ್ಯರು ಹೇಳಿದ ಪ್ರಮಾಣದಲ್ಲಿ, ಹೇಳಿದ ವೇಳೆಗೆ ಕೊಟ್ಟರೆ ಅದು ಸಾವನ್ನು ಬೇಗ ತರುವುದಿಲ್ಲ. ಚಟದ ಚಿಂತೆಯೂ ಬೇಡ. ನೋವು ಮರಳುವ ತನಕ ಕಾಯಬೇಡಿ. ಮಲಬದ್ಧತೆ ಬಹುತೇಕ ಎಲ್ಲರಿಗೂ ಆಗುತ್ತದೆ. ಅದಕ್ಕೂ ಔಷಧಿ ಬರೆಸಿಕೊಳ್ಳಿ. 2014ರ ಕಾಯ್ದೆ ತಿದ್ದುಪಡಿಯ ನಂತರ ಆಸ್ಪತ್ರೆಗಳು ಮಾರ್ಫಿನ್ ಇಟ್ಟುಕೊಳ್ಳುವುದು ಸುಲಭವಾಗಿದೆ. ಮನೆಯಲ್ಲಿ ನಿಭಾಯಿಸಲಾಗದಿದ್ದರೆ ಬೆಂಗಳೂರಿನ ಕರುಣಾಶ್ರಯವಿದೆ. 1999ರಿಂದ ಇಂಥ ಕ್ಯಾನ್ಸರ್ ರೋಗಿಗಳನ್ನು ಉಚಿತವಾಗಿ ನೋಡಿಕೊಳ್ಳುತ್ತಿದೆ.

ರೋಗದ ಹೆಸರನ್ನು ತಂದೆಗೆ ಹೇಳಬೇಕೆ? ಮುಚ್ಚಿಡುವುದು ನನಗಂತೂ ಸರಿಕಾಣದು. ಎಷ್ಟೋ ಸಲ ಅವರಿಗೆ ಅಂದಾಜಾಗಿರುತ್ತದೆ. ಮಕ್ಕಳು ನೊಂದುಕೊಂಡಾರೆಂದು ಸುಮ್ಮನಿರುತ್ತಾರೆ. ‘ಅಪ್ಪಾ, ಡಾಕ್ಟರು ಏನು ಹೇಳಿದರೆಂದು ತಿಳಿಯಬೇಕೇ?’ ಎಂದು ಕೇಳಿ. ಬೇಡವೆಂದರೆ ಬಿಡಿ. ಬೇಕೆಂದರೆ ಮೆಲ್ಲಗೆ ಹೇಳಿ. ಜಮೀನಿನ ಪತ್ರ, ಮುನಿಸಿಕೊಂಡ ತಮ್ಮನನ್ನು ಕರೆಸುವುದು, ಕೊನೆಗಾಲ ಮನೆಯಲ್ಲೋ ಆಸ್ಪತ್ರೆಯಲ್ಲೋ ಎಂಬುದನ್ನೆಲ್ಲ ಅವರಿಗೆ ಮಾತಾಡುವ ಶಕ್ತಿ ಇರುವಾಗಲೇ ಕೇಳಿಕೊಳ್ಳಿ.