ಬಣ್ಣ ಬರದಿದ್ದರೆ ಪಾಸಿಟಿವ್!

ಜಾಲಹಳ್ಳಿಯ ಓದುಗರೊಬ್ಬರು ಕಾರ್ಖಾನೆ ಕೆಲಸದಲ್ಲಿದ್ದುಕೊಂಡೇ ಶಿರಾ ಕಡೆಯ ಊರಲ್ಲಿ ಅಣ್ಣನ ಕೈಲಿ ಕುರಿ ಸಾಕಿಸುತ್ತಿದ್ದಾರೆ. "ಹಿಂಡಿನ ರಕ್ತಪರೀಕ್ಷೆ ಮಾಡಿಸಿದೆವು, ಪಿಪಿಆರ್ ಪಾಸಿಟಿವ್ ಬಂದಿದೆ. ಒಂದು ಕುರಿಯೂ ಮಂಕಾಗಿಲ್ಲ. ಸಂತೆಗೆ ಹೊಡೆದುಬಿಡೋಣವೇ?" ಎಂದು ಕೇಳಿದ್ದಾರೆ.

ತಡೆಯಿರಿ ಸ್ವಾಮಿ!

ಪಿಪಿಆರ್ ಎಂದರೆ ಕುರಿಗಾಹಿಗಳ ಹಿರೇಬೇನೆ. ಜ್ವರ, ಮೂಗುಸೋರಿಕೆ, ಬಾಯಿಹುಣ್ಣು, ಭೇದಿ. ಭಾರತದಲ್ಲಿ ಮೊದಲು ಪತ್ತೆಯಾದದ್ದು 1987ರಲ್ಲಿ, ತಮಿಳುನಾಡಿನಲ್ಲಿ. ಪಶುರೋಗಗಳ ಜಾಡು ಹಿಡಿಯುವ ರಾಷ್ಟ್ರೀಯ ಸಂಸ್ಥೆ 'ನಿವೇದಿ' ಇರುವುದು ಜಾಲಹಳ್ಳಿಗೆ ಹತ್ತಿರದಲ್ಲೇ, ಯಲಹಂಕದ ರಾಮಗೊಂಡನಹಳ್ಳಿಯಲ್ಲಿ.

ಈ ರೋಗಕ್ಕೆ ಬಳಸುವ ಸ್ಪರ್ಧಾತ್ಮಕ ಎಲೈಸಾ ಪರೀಕ್ಷೆಯ ತಮಾಷೆ ನೋಡಿ. 96 ಗುಳಿಗಳ ಪ್ಲಾಸ್ಟಿಕ್ ತಟ್ಟೆ; ಪ್ರತಿ ಗುಳಿಯ ತಳಕ್ಕೂ ವೈರಸ್ಸಿನ ಅಂಶ ಅಂಟಿಸಿರುತ್ತಾರೆ. ಅದಕ್ಕೆ ಕುರಿಯ ಸೀರಂ ಬಿಡುತ್ತಾರೆ, ಜೊತೆಗೆ ಪ್ರಯೋಗಾಲಯದಲ್ಲಿ ತಯಾರಿಸಿದ ಒಂದು ಪ್ರತಿಕಾಯವನ್ನೂ. ಸೀರಂನಲ್ಲಿರುವ ಕುರಿಯ ಪ್ರತಿಕಾಯವೂ ಇದೂ ಹುಡುಕುವುದು ವೈರಸ್ಸಿನ ಒಂದೇ ಜಾಗ. ಕಿಟಕಿಯಿಂದ ಟವಲ್ ಎಸೆದು ಬಸ್ಸಿನ ಸೀಟು ಹಿಡಿದಂತೆ, ಕುರಿಯ ಪ್ರತಿಕಾಯ ಸಾಕಷ್ಟಿದ್ದರೆ ಜಾಗ ಅದರದೇ. ತೊಳೆದಾಗ ಉಳಿದದ್ದು ಹೊರಗೆ. ಆಮೇಲೆ ಹಾಕುವ ಬಣ್ಣದ ರಾಸಾಯನಿಕ ಪ್ರಯೋಗಾಲಯದ ಪ್ರತಿಕಾಯ ಕೂತಲ್ಲಿ ಮಾತ್ರ ರಂಗೇರುತ್ತದೆ. ಹಾಗಾಗಿ ಗಾಢ ಬಣ್ಣ ಬಂದರೆ ನೆಗೆಟಿವ್, ಪೇಲವವಾಗಿದ್ದರೆ ಪಾಸಿಟಿವ್! ಈ ತಲೆಕೆಳಗಾದ ಲೆಕ್ಕ ನನಗೆ ಈಗಲೂ ಖುಷಿ ಕೊಡುತ್ತದೆ.

ಆದರೆ ಇಲ್ಲಿ ಸಿಕ್ಕಿದ್ದು ವೈರಸ್ ಅಲ್ಲ, ಪ್ರತಿಕಾಯ. ಹಿಂದೆಂದೋ ರೋಗ ಬಂದು ವಾಸಿಯಾದ ಕುರಿಯಲ್ಲೂ ಅದಿರುತ್ತದೆ, ಲಸಿಕೆ ಹಾಕಿಸಿದ ಕುರಿಯಲ್ಲೂ ಇರುತ್ತದೆ. ಎರಡರ ವ್ಯತ್ಯಾಸ ಈ ಪರೀಕ್ಷೆಗೆ ತಿಳಿಯದು. ಗಿಣ್ಣುಹಾಲು ಕುಡಿದ ಮರಿಯಲ್ಲಿ ತಾಯಿಯ ಪ್ರತಿಕಾಯವೇ ಮೂರು ತಿಂಗಳಾದರೂ ಕಾಣಬಹುದು. ಅತ್ತ ಇವತ್ತೇ ಜ್ವರ ಹಿಡಿದು ಮಲಗಿದ ಕುರಿಯಲ್ಲಿ ಪ್ರತಿಕಾಯ ಇನ್ನೂ ಹುಟ್ಟಿರದೆ ನೆಗೆಟಿವ್ ಬರಬಹುದು. ಅಂಥ ಕುರಿಯ ಕಣ್ಣು, ಮೂಗಿನ ಸೋರಿಕೆಯಲ್ಲಿ ವೈರಸ್ಸನ್ನೇ ಹುಡುಕಬೇಕು. ಅದಕ್ಕೆ ಪಿಸಿಆರ್ ಇದೆ.

ಇನ್ನು ಬೇನೆ ಬಿದ್ದ ಹಿಂಡನ್ನು ಮಾರಮ್ಮನ ಗುಡಿಗೆ ಹೊಡೆದುಕೊಂಡು ಹೋಗಿ ತೀರ್ಥ ಹಾಕಿಸುವವರಿಗೊಂದು ಮಾತು. ಹರಕೆ ನಿಮ್ಮಿಷ್ಟ, ಕುರಿಗಳನ್ನು ಮಾತ್ರ ಕರೆದೊಯ್ಯಬೇಡಿ. ನಾಲ್ಕೂರ ಹಿಂಡು ಮೂತಿಗೆ ಮೂತಿ ತಾಗಿಸಿ ನಿಂತರೆ ವೈರಸ್ಸಿಗೆ ಅದೇ ಜಾತ್ರೆ. ಸಂತೆಯೂ ಅಷ್ಟೇ.

ಜಾಲಹಳ್ಳಿಯ ಮಿತ್ರರೇ, ಕುರಿ ಮಾರಬೇಡಿ. ಲಸಿಕೆ ಯಾವಾಗ ಹಾಕಿಸಿದಿರಿ ಎಂದು ಮೊದಲು ಅಣ್ಣನವರನ್ನು ಕೇಳಿ. ಮುಂದೆ ರಕ್ತ ಕಳಿಸುವಾಗ ಆ ದಿನಾಂಕವನ್ನೂ ಮರಿಗಳ ವಯಸ್ಸನ್ನೂ ಚೀಟಿಯಲ್ಲಿ ಬರೆದುಕೊಡಿ.