ಲಡ್ಡಾಗಿದ್ದು ನೆಲ, ತಪ್ಪು ಚಾವಣಿಯದು

ಹಳೆಯ ಟೆಂಪೋ ಟ್ರಾವೆಲರನ್ನೋ ಮಿನಿ ಬಸ್ಸನ್ನೋ ಕೊಂಡು, ಸೀಟು ಕಿತ್ತು, ಒಳಗೊಂದು ಮಂಚ, ಒಲೆ, ನೀರಿನ ಟ್ಯಾಂಕು ಕೂರಿಸಿ ಊರೂರು ಸುತ್ತುವ ಹುಚ್ಚು ಬೆಂಗಳೂರಿಗರಿಗೆ ಹಿಡಿದು ಕೆಲವು ವರ್ಷಗಳಾದವು. ಹೊಸ ಗಾಡಿಯ ಬೆಲೆ ಕೇಳಿ ಬೆಚ್ಚಿದವರು ಹತ್ತು ಹದಿನೈದು ವರ್ಷ ಓಡಿದ ಗಾಡಿಗೆ ಕೈ ಹಾಕುತ್ತಾರೆ. ಎಂಜಿನ್ನು, ಟೈರು, ಕಾಗದ ಪತ್ರ ಎಲ್ಲವನ್ನೂ ನೋಡುತ್ತಾರೆ, ನೆಲವೊಂದನ್ನು ಬಿಟ್ಟು. ಅದರ ಮೇಲೆ ಹೊಸ ಮ್ಯಾಟು ಹಾಸಿರುತ್ತದೆ, ನೋಡಲು ಚೆನ್ನಾಗಿಯೇ ಇರುತ್ತದೆ. ಆರು ತಿಂಗಳಾದ ಮೇಲೆ ಒಂದು ದಿನ ಬಾಗಿಲ ಬಳಿಯೋ ಸಿಂಕಿನ ಮುಂದೆಯೋ ಹೆಜ್ಜೆ ಇಟ್ಟರೆ ಪಾದ ಮೆತ್ತಗೆ ಒಳಗಿಳಿಯುತ್ತದೆ. ಶೆಡ್ಡಿನ ಮೇಸ್ತ್ರಿ ಸ್ಕ್ರೂ ಡ್ರೈವರಿನಿಂದ ಎರಡು ಸಲ ಚುಚ್ಚಿ ನೋಡಿ, “ಪ್ಲೈ ಲಡ್ಡಾಗಿದೆ ಸಾರ್, ಮೇಲೊಂದು ಶೀಟ್ ಹೊಡೆದುಬಿಡೋಣ” ಎನ್ನುತ್ತಾನೆ. ಈ ಎರಡನೆಯ ಮಾತನ್ನು ಒಪ್ಪಬಾರದು. ನೆಲ ಕೊಳೆಯುವುದು ನೆಲದ ತಪ್ಪಿನಿಂದಲ್ಲ, ಎಲ್ಲಿಂದಲೋ ಬರುವ ನೀರಿನಿಂದ. ಆ ನೀರಿನ ದಾರಿ ಹುಡುಕದೆ ಹಾಕಿದ ಹೊಸ ಹಲಗೆ ಹಳೆಯದರ ಗತಿಯನ್ನೇ ಕಾಣುತ್ತದೆ. ಹುಡುಕುವ ಆ ಕೆಲಸವನ್ನು ಶೆಡ್ಡಿಗಿಂತ ಗಾಡಿಯ ಯಜಮಾನನೇ ಚೆನ್ನಾಗಿ ಮಾಡಬಲ್ಲ.

ಮೊದಲು ಕೊಳೆಯುವುದು ಏಕೆ ಎಂದು ನೋಡೋಣ. ಮರ ತಾನಾಗಿ ಹಾಳಾಗುವುದಿಲ್ಲ, ಅದನ್ನು ತಿನ್ನುವುದು ಶಿಲೀಂಧ್ರ, ಅಂದರೆ ಬೂಷ್ಟಿನ ಜಾತಿಯ ಜೀವಿ. ಮರದೊಳಗಿನ ತೇವಾಂಶ ಸುಮಾರು ಶೇಕಡ 20ರ ಕೆಳಗಿದ್ದರೆ ಅದು ಬೆಳೆಯಲಾರದು. ಒಣಗಿದ ಮರ ಎಷ್ಟು ಹಳೆಯದಾದರೂ ಬಾಳುತ್ತದೆ ಎಂಬುದಕ್ಕೆ ಬಸವನಗುಡಿ, ಚಾಮರಾಜಪೇಟೆಯ ಹಳೆ ಮನೆಗಳ ತೊಲೆಗಳೇ ಸಾಕ್ಷಿ. ಗಾಡಿಯ ನೆಲಕ್ಕೆ ಆ ಭಾಗ್ಯ ಇರುವುದಿಲ್ಲ. ಚಾವಣಿಯ ಗಾಳಿಕಿಂಡಿಯ ಸುತ್ತಲಿನ ಸೀಲಂಟ್ ಬಿಸಿಲಿಗೆ ಒಡೆದಿರುತ್ತದೆ, ಕಿಟಕಿಯ ರಬ್ಬರ್ ಬೀಡಿಂಗ್ ಗಟ್ಟಿಯಾಗಿ ಕುಗ್ಗಿರುತ್ತದೆ. ಅಲ್ಲಿ ಇಳಿದ ಮಳೆನೀರು ಒಳಗಿನ ಪ್ಯಾನೆಲ್ಲಿನ ಹಿಂದೆ ಕಣ್ಣಿಗೆ ಬೀಳದಂತೆ ಜಾರಿ, ಕೊನೆಗೆ ಗೋಡೆ ಮತ್ತು ನೆಲ ಸೇರುವ ಮೂಲೆಯಲ್ಲಿ ನಿಲ್ಲುತ್ತದೆ. ಅದಕ್ಕೇ ಮೊದಲು ಮೆತ್ತಗಾಗುವುದು ನಡುವಿನ ನೆಲವಲ್ಲ, ಅಂಚು. ಇದರ ಜೊತೆಗೆ ಒಳಗೇ ಹುಟ್ಟುವ ನೀರಿದೆ. ಮುಚ್ಚಿದ ಗಾಡಿಯಲ್ಲಿ ಅನ್ನ ಬೇಯಿಸಿದ ಹಬೆ, ರಾತ್ರಿ ಮಲಗಿದವರ ಉಸಿರು, ಒದ್ದೆ ಟವೆಲ್ಲು ಇವೆಲ್ಲ ತಣ್ಣಗಿನ ತಗಡಿಗೆ ತಾಕಿ ಹನಿಗಟ್ಟುತ್ತವೆ. ನೆಲದ ತಗಡಿಗೂ ಪ್ಲೈಗೂ ನಡುವೆ ಸ್ಪಾಂಜಿನಂಥ ಫೋಮ್ ತುರುಕಿದ್ದರೆ ಆ ಹನಿಗಳು ಅಲ್ಲಿಯೇ ಉಳಿದುಬಿಡುತ್ತವೆ. ಮೇಲಿನ ವಿನೈಲ್ ಮ್ಯಾಟು ನೀರನ್ನು ಒಳಗೆ ಬಿಡುವುದಿಲ್ಲವೆಂದು ಹೊಗಳುತ್ತೇವೆ. ಒಳಗೆ ಹೋದ ನೀರನ್ನು ಹೊರಗೂ ಅದು ಬಿಡುವುದಿಲ್ಲ.

ಇದು ಹವ್ಯಾಸಿಗಳು ಕಟ್ಟಿದ ಗಾಡಿಗಳ ಪಾಡು ಮಾತ್ರ ಎಂದುಕೊಳ್ಳುವವರು ಓಕಳಿಪುರಂಗೆ ಬಂದು ನಿಲ್ಲಬಹುದು. ಸಿಟಿ ರೈಲ್ವೆ ನಿಲ್ದಾಣದಿಂದ ಹೊರಟ ಹಳಿಗಳು ತುಮಕೂರಿನ ಕಡೆಗೊಂದು, ಚೆನ್ನೈ ಕಡೆಗೊಂದು ಎಂದು ಕವಲೊಡೆಯುವುದು ಇಲ್ಲಿಯೇ, ಎಂಟು ಪಥದ ರಸ್ತೆಗಾಗಿ ವರ್ಷಗಟ್ಟಲೆ ಅಗೆದ ಜಾಗದ ಮೇಲೆಯೇ. ಈ ಹಳಿಗಳ ಮೇಲೆ ದಶಕಗಳ ಕಾಲ ಓಡಿದ ನೀಲಿ ಬೋಗಿಗಳು ಪೆರಂಬೂರಿನ ಇಂಟಿಗ್ರಲ್ ಕೋಚ್ ಫ್ಯಾಕ್ಟರಿಯ ವಿನ್ಯಾಸದವು. ಅವುಗಳ ನೆಲವೂ ಪದರಗಳದ್ದೇ: ಕೆಳಗೆ ಸುಕ್ಕುಸುಕ್ಕಾಗಿ ಮಡಿಚಿದ ಉಕ್ಕಿನ ತಗಡು, ಅದರ ಮೇಲೆ ರಾಳ ತುಂಬಿ ಒತ್ತಿದ ‘ಕಾಂಪ್ರೆಗ್’ ಹಲಗೆ, ಮೇಲೆ ಪಿವಿಸಿ ಹಾಸು. ಆ ಬೋಗಿಗಳನ್ನು ರಿಪೇರಿ ಮಾಡಿದವರಿಗೆಲ್ಲ ಗೊತ್ತಿರುವ ಸಂಗತಿ ಒಂದಿದೆ. ತುಕ್ಕು ಬೋಗಿಯ ಉದ್ದಕ್ಕೂ ಸಮನಾಗಿ ಹರಡುವುದಿಲ್ಲ. ಶೌಚಾಲಯ, ಕೈತೊಳೆಯುವ ಬೇಸಿನ್ನು, ಬಾಗಿಲು ಇರುವ ತುದಿಗಳಲ್ಲೇ ತಗಡು ಮೊದಲು ತಿನ್ನಿಸಿಕೊಳ್ಳುತ್ತದೆ. ಮೈಸೂರಿನ ಅಶೋಕಪುರಂ ಕಾರ್ಯಾಗಾರದಂಥ ಕಡೆ ಬೋಗಿಗಳನ್ನು ನಿಗದಿತ ಅವಧಿಗೊಮ್ಮೆ ಬಿಚ್ಚಿ ನೋಡುವುದರಲ್ಲಿ ಈ ತುಕ್ಕಿನ ಪಾಲೂ ಇದೆ. 2018ರಲ್ಲಿ ಹಳೆ ವಿನ್ಯಾಸದ ತಯಾರಿಕೆ ನಿಂತಿತು. ಅದರ ಜಾಗಕ್ಕೆ ಬಂದ ಎಲ್‌ಎಚ್‌ಬಿ ಬೋಗಿಗಳಲ್ಲಿ ನೆಲದ ತಗಡು ಸ್ಟೇನ್‌ಲೆಸ್ ಉಕ್ಕಿನದು. ಅಂದರೆ, ಎಂಜಿನಿಯರುಗಳ ಪಡೆಯನ್ನೇ ಇಟ್ಟುಕೊಂಡ ರೈಲ್ವೆ ಕೂಡ ಕೊನೆಗೆ ಮಾಡಿದ್ದು ಹಾಸು ಬದಲಿಸುವುದನ್ನಲ್ಲ, ನೀರು ನಿಲ್ಲುವ ಜಾಗದ ಲೋಹವನ್ನೇ ಬದಲಿಸುವುದನ್ನು.

ಹಾಗಾದರೆ ಮೇಲೊಂದು ಶೀಟ್ ಹೊಡೆಯುವುದರಲ್ಲಿ ತಪ್ಪೇನು? ಅಗ್ಗ, ಒಂದು ದಿನದ ಕೆಲಸ, ನೆಲವೂ ಗಟ್ಟಿಯಾಗುತ್ತದೆ ಎಂಬ ವಾದ ಸುಳ್ಳಲ್ಲ. ಆದರೆ ಹುಳುಕು ಹಲ್ಲನ್ನು ಶುಚಿ ಮಾಡದೆ ಕ್ಯಾಪ್ ಕೂರಿಸಿದರೆ ಏನಾಗುತ್ತದೋ ಇಲ್ಲೂ ಅದೇ ಆಗುತ್ತದೆ. ಒದ್ದೆ ಮರ ಎರಡು ಹಾಳೆಗಳ ನಡುವೆ ಸಿಕ್ಕಿಕೊಂಡು ಒಣಗುವ ಅವಕಾಶವನ್ನೇ ಕಳೆದುಕೊಳ್ಳುತ್ತದೆ, ಹೊಸ ಪ್ಲೈನ ಅಡಿಭಾಗಕ್ಕೂ ಅದೇ ಬೂಷ್ಟು ಅಂಟುತ್ತದೆ. ತೂಕದ ಲೆಕ್ಕವೂ ಇದೆ. ಎಂಟಡಿ ನಾಲ್ಕಡಿಯ 12 ಮಿಲಿಮೀಟರ್ ಪ್ಲೈ ಹಾಳೆಯೊಂದು ಇಪ್ಪತ್ತು ಕಿಲೋಗಿಂತ ಹೆಚ್ಚು ತೂಗುತ್ತದೆ, 18 ಮಿಲಿಮೀಟರಿನದು ಮೂವತ್ತು ದಾಟುತ್ತದೆ. ಹತ್ತಡಿ ಉದ್ದ, ಆರಡಿ ಅಗಲದ ನೆಲಕ್ಕೆ ಎರಡು ಹಾಳೆ ಬೇಕು. ನೀರು, ಬ್ಯಾಟರಿ, ಪೀಠೋಪಕರಣ ಎಲ್ಲ ಹೊತ್ತ ಹಳೆ ಗಾಡಿಗೆ ನಲವತ್ತು ಐವತ್ತು ಕಿಲೋ ಸುಮ್ಮನೆ ಸೇರಿಸುವುದು ಜಾಣತನವಲ್ಲ. ಎಲ್ಲಕ್ಕಿಂತ ಮುಖ್ಯವಾದುದು ಭದ್ರತೆ: ಸೀಟಿನ ಬೋಲ್ಟು, ಮಂಚದ ಕಾಲು, ಅಡುಗೆ ಕಪಾಟು ಎಲ್ಲವೂ ಹಿಡಿದುಕೊಂಡಿರುವುದು ಈ ನೆಲವನ್ನೇ. ಗಟ್ಟಿ ಬ್ರೇಕು ಹಾಕಿದಾಗ ಅವು ಜಾಗ ಬಿಡದಂತೆ ತಡೆಯಬೇಕಾದುದು ಮೇಲೆ ಕಾಣುವ ಹೊಸ ಶೀಟಲ್ಲ, ಅದರ ಕೆಳಗೆ ಲಡ್ಡಾಗಿರುವ ಹಲಗೆ.

ಆದ್ದರಿಂದ ಕೆಲಸ ಚಾವಣಿಯಿಂದ ಶುರುವಾಗಬೇಕು. ಒಳಗಿನ ಪ್ಯಾನೆಲ್ ಬಿಚ್ಚಿ, ಒಬ್ಬರು ಮೇಲಿನಿಂದ ಪೈಪಿನಲ್ಲಿ ನಿಧಾನವಾಗಿ ನೀರು ಬಿಡಬೇಕು, ಇನ್ನೊಬ್ಬರು ಒಳಗೆ ಟಾರ್ಚು ಹಿಡಿದು ನೋಡಬೇಕು. ಒಂದು ಕಿಟಕಿ ಮುಗಿಸಿ ಇನ್ನೊಂದಕ್ಕೆ ಹೋಗಬೇಕು, ಎಲ್ಲ ಕಡೆ ಒಟ್ಟಿಗೆ ಸುರಿದರೆ ಯಾವುದು ಸೋರುತ್ತದೆ ಎಂದು ತಿಳಿಯುವುದಿಲ್ಲ. ನೀರು ಇಳಿದ ಜಾಗದ ಹಳೆ ಸೀಲಂಟನ್ನು ಪೂರಾ ಕೆರೆದು ತೆಗೆದು ಪಾಲಿಯುರೆಥೇನ್ ಸೀಲಂಟ್ ಹಾಕಬೇಕು. ಒಡೆದುದರ ಮೇಲೆಯೇ ಸಿಲಿಕೋನ್ ಬಳಿಯುವುದು ನಮ್ಮಲ್ಲಿ ರೂಢಿ. ಹಳೆಯದು ಕಳಚಿದಾಗ ಹೊಸದೂ ಅದರ ಜೊತೆಗೇ ಬರುತ್ತದೆ. ಇದು ಮುಗಿಯುವವರೆಗೆ ಒಂದು ಚದರಡಿ ಪ್ಲೈ ಕೂಡ ಕೊಳ್ಳಬೇಕಾಗಿಲ್ಲ.

ನೆಲ ಬಿಚ್ಚುವಾಗ ಅವಸರ ಕೂಡದು. ಬ್ಯಾಟರಿಯ ತಂತಿ ಕಳಚಿ, ಗ್ಯಾಸ್ ಸಿಲಿಂಡರ್ ಗಾಡಿಯಿಂದ ಹೊರಗಿಟ್ಟ ಮೇಲೆಯೇ ಗರಗಸ ಎತ್ತಬೇಕು. ನೆಲದ ಅಡಿಯಲ್ಲಿ ಬ್ರೇಕಿನ ಪೈಪು, ಡೀಸೆಲ್ ಪೈಪು, ವೈರಿಂಗ್ ಹಾದಿರುತ್ತವೆ. ಗರಗಸದ ಆಳವನ್ನು ಪ್ಲೈ ದಪ್ಪಕ್ಕೆ ಸರಿಯಾಗಿ ಕಟ್ಟಿಕೊಳ್ಳದಿದ್ದರೆ ಒಂದೇ ಕೊಯ್ತಕ್ಕೆ ಗಾಡಿ ಮೂಲೆ ಸೇರುತ್ತದೆ. ಹಳೆ ಹಲಗೆ ಎಷ್ಟೇ ಪುಡಿಯಾಗಿದ್ದರೂ ಅದರ ಆಕಾರ ಉಳಿಸಿಕೊಳ್ಳಿ, ಇಲ್ಲವಾದರೆ ರಟ್ಟಿನಲ್ಲಿ ಅಚ್ಚು ತೆಗೆದುಕೊಳ್ಳಿ. ಚಕ್ರದ ಗುಮ್ಮಟದ ಸುತ್ತಲಿನ ಬಾಗು ಟೇಪಿನ ಅಳತೆಗೆ ಸಿಗುವಂಥದಲ್ಲ. ಹಲಗೆ ಎದ್ದ ಮೇಲೆ ಕಾಣುವ ಅಡ್ಡ ಚಾನೆಲ್ಲುಗಳನ್ನು ಸುತ್ತಿಗೆಯಿಂದ ತಟ್ಟಿ ಕೇಳಬೇಕು. ಖಣಖಣ ಎಂದರೆ ಲೋಹ ಗಟ್ಟಿ, ಡಬ್ ಎಂದು ಪದರ ಉದುರಿದರೆ ತುಕ್ಕು ಒಳಗಿಳಿದಿದೆ. ಮೇಲ್ಪದರದ ತುಕ್ಕನ್ನು ವೈರ್ ಬ್ರಷ್ಷಿನಿಂದ ಉಜ್ಜಿ ತೆಗೆದು ಪ್ರೈಮರ್, ಅದರ ಮೇಲೆ ಎಪಾಕ್ಸಿ ಬಳಿದರೆ ಸಾಕು.

ಪ್ಲೈ ಆಯ್ಕೆಯ ವಿಷಯದಲ್ಲಿ ಬೆಂಗಳೂರಿನವರಷ್ಟು ಅನುಕೂಲ ಇನ್ನು ಯಾರಿಗೂ ಇಲ್ಲವೇನೋ. ಮೈಸೂರು ರಸ್ತೆಯ ಟಿಂಬರ್ ಯಾರ್ಡು, ಬಿಡಿಭಾಗಗಳ ಜೆ.ಸಿ. ರಸ್ತೆ, ಮರವನ್ನೇ ಅಧ್ಯಯನ ಮಾಡುವ ಮಲ್ಲೇಶ್ವರದ 18ನೇ ಅಡ್ಡರಸ್ತೆಯ ಮರ ವಿಜ್ಞಾನ ಸಂಸ್ಥೆ ಎಲ್ಲವೂ ಓಕಳಿಪುರಂನಿಂದ ನಾಲ್ಕೈದು ಕಿಲೋಮೀಟರಿನ ಆಸುಪಾಸಿನಲ್ಲಿವೆ. ಪ್ಲೈವುಡ್ ಸಂಶೋಧನೆಗೆಂದೇ 1962ರಲ್ಲಿ ಶುರುವಾದ ಸಂಸ್ಥೆ ಇರುವುದೂ ನಮ್ಮ ತುಮಕೂರು ರಸ್ತೆಯಲ್ಲೇ. ಆದರೂ ಅಂಗಡಿಗೆ ಹೋದವರು ಕೇಳುವುದು ‘ವಾಟರ್‌ಪ್ರೂಫ್ ಪ್ಲೈ ಕೊಡಿ’ ಎಂದು. ಕೇಳಬೇಕಾದುದು ಹಾಳೆಯ ಮೇಲಿನ ಐಎಸ್‌ಐ ಸಂಖ್ಯೆ. ಐಎಸ್ 710 ಎಂದರೆ ಮರೀನ್ ಪ್ಲೈ: ಫೀನಾಲಿಕ್ ಅಂಟು, ಔಷಧ ಕುಡಿಸಿದ ಪದರಗಳು, 72 ಗಂಟೆ ಕುದಿಯುವ ನೀರಿನ ಪರೀಕ್ಷೆ. ಐಎಸ್ 303ರಲ್ಲಿ ಎರಡು ದರ್ಜೆಗಳಿವೆ. ಬಿಡಬ್ಲ್ಯುಆರ್ ಎಂಬುದು ಕುದಿಯುವ ನೀರನ್ನು ಕೆಲವು ಗಂಟೆ ತಡೆಯುತ್ತದೆ, ಎಂಆರ್ ಎಂಬುದು ಬರೀ ತೇವ ತಡೆಯುವ ಒಳಾಂಗಣದ ಮಾಲು. ಹಾಳೆಯ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ಫೀನಾಲಿಕ್ ಅಂಟಿನ ಗೆರೆ ಪದರಗಳ ನಡುವೆ ಕಡುಕಂದಾಗಿ ಎದ್ದು ಕಾಣುತ್ತದೆ, ಎಂಆರ್ ಪ್ಲೈಯ ಯೂರಿಯಾ ಅಂಟಿನ ಗೆರೆ ಸಾಮಾನ್ಯವಾಗಿ ತೆಳು ಬಣ್ಣದ್ದು. ಮುಚ್ಚಿದ ಸಣ್ಣ ಜಾಗದಲ್ಲಿ ಮಲಗುವವರಿಗೆ ಫಾರ್ಮಾಲ್ಡಿಹೈಡ್ ವಾಸನೆ ಕಡಿಮೆ ಬಿಡುವ ಅಂಟು ಒಳ್ಳೆಯದು ಎಂಬ ಕಾರಣಕ್ಕೂ ಫೀನಾಲಿಕ್ ಮೇಲು.

ಮರೀನ್ ಪ್ಲೈ ತಂದುಬಿಟ್ಟರೆ ಚಿಂತೆ ಮುಗಿಯಿತು ಎನ್ನುವವರಿಗೂ ಒಂದು ಮಾತು. ಕುದಿಸಿ ಪರೀಕ್ಷೆ ಮಾಡುವುದು ಅಂಟನ್ನು. ಕತ್ತರಿಸಿದ ಅಂಚು ನೀರು ಹೀರುವುದನ್ನು ಅದು ತಪ್ಪಿಸುವುದಿಲ್ಲ. ಕೊಯ್ದ ಪ್ರತಿ ಅಂಚಿಗೂ, ಕೊರೆದ ಪ್ರತಿ ತೂತಿನ ಒಳಮೈಗೂ ಎಪಾಕ್ಸಿಯೋ ಬಣ್ಣವೋ ಎರಡು ಕೋಟು ಬೀಳಬೇಕು, ಅಡಿಭಾಗಕ್ಕಂತೂ ಬೀಳಲೇಬೇಕು. ಮೇಲ್ಭಾಗ ಮಾತ್ರ ನುಣ್ಣಗೆ ಮಾಡಿ ಅಡಿ ಬರಿಮೈಯಲ್ಲಿ ಬಿಡುವ ಶೆಡ್ಡುಗಳೇ ಹೆಚ್ಚು. ಎರಡು ಹಾಳೆ ಸೇರುವ ಜಾಗ ಅಡ್ಡ ಚಾನೆಲ್ಲಿನ ಮೇಲೆಯೇ ಬರಬೇಕು, ಗೋಡೆಯಿಂದ ಎರಡು ಮೂರು ಮಿಲಿಮೀಟರ್ ಸಂದು ಬಿಟ್ಟು ಅದಕ್ಕೆ ಸೀಲಂಟ್ ತುಂಬಬೇಕು. ಮರ ಹಿಗ್ಗಲು ಜಾಗ ಬೇಕು. ಹಿಡಿತಕ್ಕೆ ಅಗಲ ವಾಷರಿನ ಬೋಲ್ಟುಗಳು ಆರಪಾರ ಹೋಗಲಿ, ಮೊಳೆ ಬೇಡ. ಮರವೇ ಬೇಡ, ಅಲ್ಯುಮಿನಿಯಂ ಚೆಕ್ಕರ್ ಪ್ಲೇಟು ಹೊಡೆಯೋಣ ಎನ್ನುವವರಿದ್ದಾರೆ. ಬಸ್ಸಿನ ಮೆಟ್ಟಿಲಿಗೆ ಅದು ಸರಿ. ಮಲಗುವ ಗಾಡಿಯಲ್ಲಿ ಅದು ಬೇಸಿಗೆಯಲ್ಲಿ ಕಾಯುತ್ತದೆ, ಚಳಿಗಾಲದಲ್ಲಿ ಹನಿಗಟ್ಟುತ್ತದೆ, ಉಕ್ಕಿನ ಚಾನೆಲ್ಲಿಗೆ ನೇರವಾಗಿ ತಾಕಿ ಒದ್ದೆಯಾದರೆ ಎರಡು ಲೋಹಗಳ ಜಗಳದಲ್ಲಿ ಸವೆಯುವುದು ಅಲ್ಯುಮಿನಿಯಮ್ಮೇ.

ಇಷ್ಟೆಲ್ಲ ನೀವೇ ಮಾಡಬೇಕೇ ಎಂಬುದು ದೊಡ್ಡ ಆಕ್ಷೇಪ. ಬಸ್ಸಿನ ಬಾಡಿ ಕಟ್ಟುವುದರಲ್ಲಿ ಪಳಗಿದವರಿಗೆ ಈ ಊರಿನಲ್ಲಿ ಬರವಿಲ್ಲ. ಕೆಎಸ್‌ಆರ್‌ಟಿಸಿಯ ಕೆಂಗೇರಿ ಕಾರ್ಯಾಗಾರದಲ್ಲಿ ಬಸ್ಸುಗಳ ಮೈಯನ್ನೇ ಕಟ್ಟಿದ್ದಾರೆ. ಕೈಚಳಕದಲ್ಲಿ ಅವರಿಗೆ ನಾವು ಸಮನಲ್ಲ ಎಂಬುದರಲ್ಲಿ ಅನುಮಾನವೇ ಬೇಡ. ಆದರೆ ಖಾಸಗಿ ಶೆಡ್ಡಿನ ಲೆಕ್ಕಾಚಾರ ದಿನಗೂಲಿಯದು. ನೀರು ಬಿಟ್ಟು ಕಾಯುವುದು, ಪ್ರೈಮರ್ ಒಣಗಲು ಒಂದು ರಾತ್ರಿ ಬಿಡುವುದು, ಅಡಿಭಾಗಕ್ಕೆ ಎರಡನೆಯ ಕೋಟು ಹೊಡೆಯುವುದು ಇವು ಕೈಚಳಕದ ಕೆಲಸಗಳಲ್ಲ, ಕಾಯುವ ಕೆಲಸಗಳು. ಕಾಯುವುದಕ್ಕೆ ಯಾರೂ ಕೂಲಿ ಕೊಡುವುದಿಲ್ಲ, ಹಾಗಾಗಿ ಶೆಡ್ಡಿನಲ್ಲಿ ಮೊದಲು ಕೈಬಿಟ್ಟುಹೋಗುವುದೂ ಅವೇ. ಮನೆಯ ಗಾಡಿಯನ್ನು ವಾರಾಂತ್ಯಗಳಲ್ಲಿ ತಾನೇ ಬಿಚ್ಚುವವನಿಗೆ ಆ ಸಮಯ ಪುಕ್ಕಟೆ. ಗಾಡಿಯ ಚೌಕಟ್ಟಿಗೆ ವೆಲ್ಡಿಂಗ್ ಬೇಕಾದರೆ, ಗ್ಯಾಸ್ ಪೈಪು ಅಥವಾ ಬ್ರೇಕ್ ಪೈಪು ಸರಿಸಬೇಕಾದರೆ ಮಾತ್ರ ಬಲ್ಲವರ ಕೈಗೆ ಕೊಡಲೇಬೇಕು. ಅಲ್ಲಿ ಉಳಿತಾಯದ ಮಾತು ಬೇಡ.

ಕಾನೂನಿನ ಭಯವೂ ಹಲವರನ್ನು ಹಿಂದೆಳೆಯುತ್ತದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುವುದು ನೋಂದಣಿ ಪತ್ರದಲ್ಲಿರುವ ವಿವರಕ್ಕೆ ಹೊಂದದಂಥ ಮಾರ್ಪಾಡನ್ನು. ಕೊಳೆತ ಹಲಗೆಯ ಜಾಗಕ್ಕೆ ಅದೇ ಅಳತೆಯ ಹಲಗೆ ಕೂರಿಸುವುದು ರಿಪೇರಿ. ಪ್ರಯಾಣಿಕರ ಗಾಡಿಯ ಸೀಟು ಕಿತ್ತು ಮಂಚ ಹಾಕುವುದು ಬೇರೆಯೇ ಮಾತು, ಅದಕ್ಕೆ ಆರ್‌ಟಿಒ ಅನುಮತಿ ಬೇಕು. ಸ್ವಂತ ಬಳಕೆಯ ಕ್ಯಾಂಪರ್ ವ್ಯಾನ್ ಎಂಬ ವರ್ಗವೇ ನಮ್ಮ ನಿಯಮಗಳಲ್ಲಿದೆ. ಖಾಸಗಿ ಗಾಡಿಗೆ ಹದಿನೈದು ವರ್ಷ ತುಂಬಿ ನೋಂದಣಿ ನವೀಕರಿಸುವ ದಿನ ಇನ್ಸ್‌ಪೆಕ್ಟರ್ ಕೆಳಗೆ ಬಗ್ಗಿ ನೋಡಿದಾಗ ಉದುರುವ ಚಾನೆಲ್ಲಿಗಿಂತ ಬಣ್ಣ ಬಳಿದ ಚಾನೆಲ್ಲು ಕಾಣುವುದು ಮೇಲು.

ಉಳಿದದ್ದು ಜಾಗ ಮತ್ತು ಕಾಲ. ಓಕಳಿಪುರಂ, ಶ್ರೀರಾಮಪುರದ ಗಲ್ಲಿಗಳಲ್ಲಿ ಗಾಡಿ ನಿಲ್ಲಿಸಿ ವಾರಗಟ್ಟಲೆ ಗರಗಸ ಓಡಿಸಿದರೆ ಅಕ್ಕಪಕ್ಕದವರು ಸುಮ್ಮನಿರುವುದಿಲ್ಲ, ಇರಬೇಕಾಗಿಯೂ ಇಲ್ಲ. ಊರ ಹೊರಗೆ ಪರಿಚಯದವರ ಖಾಲಿ ಸೈಟು ಹುಡುಕಿಕೊಳ್ಳಿ. ಬೆಂಗಳೂರಿಗೆ ಮಳೆ ಮುಂಗಾರಿನಲ್ಲೂ ಬರುತ್ತದೆ, ಹಿಂಗಾರಿನಲ್ಲೂ ಬರುತ್ತದೆ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಬಿಚ್ಚಿದ ನೆಲ ಒಣಗುವುದೇ ಇಲ್ಲ. ಗಾಳಿ ಒಣಗಿರುವ ಜನವರಿಯಿಂದ ಮಾರ್ಚ್‌ವರೆಗಿನ ತಿಂಗಳುಗಳು ಈ ಕೆಲಸಕ್ಕೆ ಹೇಳಿಮಾಡಿಸಿದಂತಿವೆ, ಏಪ್ರಿಲ್ ಕೊನೆಗೆ ಗುಡುಗು ಮಳೆ ಶುರುವಾಗುವ ಮೊದಲು ಮುಗಿಸಬಹುದು. ಜನವರಿಯ ಮೊದಲ ಭಾನುವಾರ ಚಾವಣಿಗೆ ನೀರು ಬಿಟ್ಟು ನೋಡಿ. ಸೋರುವ ಜಾಗ ಮುಚ್ಚಿ, ಮತ್ತೊಮ್ಮೆ ನೀರು ಬಿಟ್ಟು, ಒಳಗೆ ಒಂದು ಹನಿಯೂ ಇಳಿಯುವುದಿಲ್ಲ ಎಂದು ಖಚಿತವಾದ ಮೇಲೆ ಟಿಂಬರ್ ಯಾರ್ಡಿಗೆ ಹೊರಡಿ.